ಫಿಟ್ಸ್ ಬಂದ ರೋಗಿಯ ಶುಶ್ರೂಷೆ: ಮಂಚ ಸಿದ್ಧಮಾಡುವುದರಿಂದ ಮನೆಗೆ ಕಳಿಸುವವರೆಗೆ

ಕಾರವಾರದಿಂದ ಗೋವಾಕ್ಕೆ, ಶಿರಸಿಯಿಂದ ಹುಬ್ಬಳ್ಳಿಗೆ, ಹೊನ್ನಾವರ–ಭಟ್ಕಳದಿಂದ ಮಣಿಪಾಲಕ್ಕೆ. ಉತ್ತರ ಕನ್ನಡದಲ್ಲಿ ಮೆದುಳು–ನರದ ಕೇಸು ರೆಫರ್ ಆದರೆ ಆಂಬುಲೆನ್ಸ್ ಹಿಡಿಯುವ ದಾರಿ ಹೆಚ್ಚುಕಡಿಮೆ ಇವೇ. ತಾಸುಗಟ್ಟಲೆ ಪ್ರಯಾಣ, ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಲೆಕ್ಕವೇ ಬೇರೆ. ನಿಲ್ಲದ ಫಿಟ್ಸ್‌ನ ಹಣೆಬರಹ ಮಾತ್ರ ಮೊದಲ ಅರ್ಧ ತಾಸಿನಲ್ಲೇ ನಿರ್ಧಾರವಾಗುತ್ತದೆ. ಹಾಗಾಗಿ ತಜ್ಞರ ಎದುರು ರೋಗಿ ಹೋಗುವ ಹೊತ್ತಿಗೆ ಮುಖ್ಯ ಕೆಲಸ ಮುಗಿದಿರಬೇಕು, ಮತ್ತು ಅದು ಮುಗಿಯುವುದು ತಾಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಮಂಚದ ಪಕ್ಕ. ಅಲ್ಲಿ ನಿಂತಿರುವ ಸಿಸ್ಟರ್ ಗಡಿಯಾರ ನೋಡಿದರೇ, ಔಷಧ ಪೂರ್ತಿ ಪ್ರಮಾಣದಲ್ಲಿ ಹೋಯಿತೇ, ಕಂಡದ್ದನ್ನು ಬರೆದಿಟ್ಟರೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಇಲ್ಲಿ ಹೇಳುವ ಔಷಧದ ಪ್ರಮಾಣಗಳು ಸಾಮಾನ್ಯವಾಗಿ ಒಪ್ಪಿತವಾದವು. ಕೊಡುವುದು ಡ್ಯೂಟಿ ಡಾಕ್ಟರ ಆದೇಶ ಅಥವಾ ಆಸ್ಪತ್ರೆಯ ಲಿಖಿತ ಪ್ರೋಟೋಕಾಲ್ ಇದ್ದಾಗ ಮಾತ್ರ. ಆದರೆ ಪ್ರಮಾಣ ಸಿಸ್ಟರಿಗೂ ಬಾಯಿಪಾಠ ಇರಬೇಕು. ಆದೇಶದಲ್ಲಿ ತಪ್ಪಾದಾಗ ತಡೆಯುವವರು ಅವರೊಬ್ಬರೇ.

ಮಂಚದ ಸುತ್ತ ಏನಿರಬೇಕು

ಫಿಟ್ಸ್ ಆಗಿ ದಾಖಲಾದ ರೋಗಿಗೆ ಮತ್ತೆ ಬರುತ್ತದೆ ಎಂದುಕೊಂಡೇ ತಯಾರಿ ಮಾಡಿ. ಮಂಚ ನರ್ಸಿಂಗ್ ಸ್ಟೇಷನ್‌ಗೆ ಕಾಣುವ ಹಾಗಿರಲಿ, ಆದಷ್ಟು ತಗ್ಗಿಸಿರಲಿ. ಪಕ್ಕದ ಕಂಬಿಗಳನ್ನು ಎತ್ತಿ ಕಂಬಳಿ ಸುತ್ತಿ. ಕಂಬಿ ಇಲ್ಲದ ಹಳೆಯ ಕಬ್ಬಿಣದ ಮಂಚವಾದರೆ ಗೋಡೆಗೆ ಒತ್ತಿಸಿ, ಇನ್ನೊಂದು ಬದಿ ನೆಲಕ್ಕೆ ಹಾಸಿಗೆ ಹಾಕುವುದು ವಾಸಿ. ಬಾಯಿಯ ಜೊಲ್ಲು, ಕಫ ಎಳೆದು ತೆಗೆಯುವ ಸಕ್ಷನ್ ಮೆಷಿನ್ ಇದ್ದರಷ್ಟೇ ಸಾಲದು, ಓಡುತ್ತದೆಯೇ ಎಂದು ಪ್ರತಿ ಶಿಫ್ಟಿನ ಆರಂಭದಲ್ಲಿ ನೋಡಿ. ದೊಡ್ಡವರಿಗೆ ಒತ್ತಡ 80ರಿಂದ 120 ಮಿ.ಮೀ. ಪಾದರಸದೊಳಗಿರಲಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಮ್ಮ ಕಡೆ ಹೊಸದಲ್ಲ, ಕಾಲಲ್ಲಿ ಒತ್ತುವ ಸಕ್ಷನ್ ಒಂದು ಮೂಲೆಯಲ್ಲಿರಲಿ. ಆಮ್ಲಜನಕ, ಮಾಸ್ಕ್, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಗ್ಲೂಕೋಮೀಟರ್ ಕೈಗೆಟಕುವಲ್ಲಿರಬೇಕು.

ಕ್ಯಾನುಲಾ ಮೊದಲೇ ಹಾಕಿಡಿ. ಮೊಣಕೈ ಹತ್ತಿರದ ದೊಡ್ಡ ರಕ್ತನಾಳಕ್ಕೆ 18 ಅಥವಾ 20 ಗೇಜಿನ ಕ್ಯಾನುಲಾ. ಅಂಗೈ ಹಿಂಭಾಗದ ಸಣ್ಣ ನಾಳ ಬೇಡ. ಕಾರಣ ಮುಂದೆ ಫೆನಿಟೋಯಿನ್ ಎಂಬ ಔಷಧದ ಮಾತು ಬಂದಾಗ ತಿಳಿಯುತ್ತದೆ. ಫಿಟ್ಸ್ ನಿಲ್ಲಿಸುವ ಲೊರಾಜೆಪಾಮ್ ಆಂಪ್ಯೂಲ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು. ವಾರಗಟ್ಟಲೆ ಎಮರ್ಜೆನ್ಸಿ ಟ್ರೇಯಲ್ಲಿ, ಅದೂ ಕರಾವಳಿಯ ಸೆಕೆಯಲ್ಲಿ ಬಿದ್ದಿದ್ದರೆ ಅದರ ಶಕ್ತಿಯನ್ನು ನಂಬಬೇಡಿ.

ಫಿಟ್ಸ್ ಶುರುವಾದ ಕ್ಷಣ

1. ಗಡಿಯಾರ ನೋಡಿ, ಸಮಯವನ್ನು ಗಟ್ಟಿಯಾಗಿ ಹೇಳಿ. ಪಕ್ಕದಲ್ಲಿದ್ದವರು ಬರೆದುಕೊಳ್ಳಲಿ, ಯಾರೂ ಇಲ್ಲದಿದ್ದರೆ ಕೈಮೇಲೆ ಪೆನ್ನಿನಲ್ಲಿ ಗೀಚಿಕೊಳ್ಳಿ. ಒಂದೂವರೆ ನಿಮಿಷದ ಫಿಟ್ಸ್ ನೋಡುವವರಿಗೆ ಹತ್ತು ನಿಮಿಷದಂತೆ ಕಾಣುತ್ತದೆ. ಅಂದಾಜು ಕೆಲಸಕ್ಕೆ ಬಾರದು.

2. ನೆಲದಲ್ಲಿದ್ದರೆ ನೆಲದಲ್ಲೇ ಇರಲಿ. ತಲೆಯಡಿಗೆ ಮಡಚಿದ ಟವೆಲ್, ಕನ್ನಡಕ ತೆಗೆಯಿರಿ, ಕುತ್ತಿಗೆಯ ಗುಂಡಿ, ಸರ ಸಡಿಲಿಸಿ. ಸುತ್ತಲಿನ ಸ್ಟೂಲು, ಡ್ರಿಪ್ ಸ್ಟ್ಯಾಂಡ್ ದೂರ ಸರಿಸಿ.

3. ಆದಷ್ಟು ಬೇಗ ಎಡಮಗ್ಗುಲಿಗೆ ತಿರುಗಿಸಿ. ಮೈಯೆಲ್ಲ ಸೆಟೆದಿರುವ ಮೊದಲ ಅರ್ಧ ನಿಮಿಷ ತಿರುಗಿಸಲು ಆಗದಿರಬಹುದು, ಬಲ ಹಾಕಬೇಡಿ. ಕೈಕಾಲು ಬಡಿಯುವ ಹಂತಕ್ಕೆ ಬಂದಾಗ ಭುಜ ಮತ್ತು ಸೊಂಟ ಎರಡನ್ನೂ ಒಟ್ಟಿಗೆ ಹಿಡಿದರೆ ಸುಲಭವಾಗಿ ಹೊರಳುತ್ತದೆ.

4. ಕೈಕಾಲು ಅದುಮಿ ಹಿಡಿಯಬೇಡಿ. ನಾಲ್ಕು ಜನ ಸೇರಿ ಹಿಡಿದು ಭುಜದ ಕೀಲು ತಪ್ಪಿಸಿದ, ಮೂಳೆ ಮುರಿದ ಪ್ರಸಂಗಗಳು ಕಡಿಮೆಯಲ್ಲ.

5. ಬಾಯಿಗೆ ಏನೂ ಹಾಕಬೇಡಿ. ಚಮಚ, ಬಟ್ಟೆ, ಬೆರಳು, ಆಸ್ಪತ್ರೆಯ ಪ್ಲಾಸ್ಟಿಕ್ ಏರ್‌ವೇ ಯಾವುದೂ ಬೇಡ. ನಾಲಿಗೆ ಕಚ್ಚಿದ ಗಾಯ ತಾನಾಗಿ ಮಾಯುತ್ತದೆ, ಮುರಿದ ಹಲ್ಲು ಶ್ವಾಸನಾಳಕ್ಕೆ ಇಳಿದರೆ ಹೊಸ ಅಪಾಯ. ದವಡೆ ಸಡಿಲವಾದ ಮೇಲೆ ಕೆನ್ನೆಯ ಒಳಬದಿಯಿಂದ ಸಕ್ಷನ್ ಮಾಡಿ.

6. ಮಾಸ್ಕ್‌ನಲ್ಲಿ ಆಮ್ಲಜನಕ, ಬೆರಳಿಗೆ ಪಲ್ಸ್ ಆಕ್ಸಿಮೀಟರ್, ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಪರೀಕ್ಷೆ. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಸಕ್ಕರೆ 60ಕ್ಕಿಂತ ಕೆಳಗಿದ್ದರೆ 25% ಡೆಕ್ಸ್ಟ್ರೋಸ್ 100 ಮಿ.ಲೀ. ಐವಿ (ರಕ್ತನಾಳಕ್ಕೆ), ಮಗುವಿಗೆ 10% ಡೆಕ್ಸ್ಟ್ರೋಸ್, ಕೆ.ಜಿ.ಗೆ 5 ಮಿ.ಲೀ. ಕುಡಿತದ ಚಟವಿರುವವರಿಗೆ, ಊಟ ಬಿಟ್ಟು ಸೊರಗಿದವರಿಗೆ ಡೆಕ್ಸ್ಟ್ರೋಸ್‌ಗೆ ಮೊದಲು ಅಥವಾ ಜೊತೆಯಲ್ಲೇ ಥಯಾಮಿನ್ 100 ಮಿ.ಗ್ರಾಂ ಹೋಗಬೇಕು.

ಕಬ್ಬಿಣದ ಬೀಗದ ಕೈ ಕೊಡುವವರು, ಈರುಳ್ಳಿ ಮೂಸಿಸುವವರು, ಮುಖಕ್ಕೆ ನೀರೆರಚುವವರು ಎಲ್ಲ ಊರಲ್ಲೂ ಇದ್ದಾರೆ. ಕೀಲಿಕೈ ಹಿಡಿಸಿದ ಮೇಲೆ ಫಿಟ್ಸ್ ನಿಂತಿತು ಎನ್ನುವುದು ಸುಳ್ಳಲ್ಲ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ, ಕೀಲಿಕೈ ಹುಡುಕಿ ತರುವಷ್ಟರಲ್ಲಿ ಅಷ್ಟು ಹೊತ್ತು ಆಗಿರುತ್ತದೆ. ಮನೆಯವರೊಡನೆ ಅದಕ್ಕಾಗಿ ಜಗಳ ಬೇಡ. "ಅಮ್ಮಾ, ಅದು ಕೈಯಲ್ಲಿ ಇರ್ಲಿ, ಬಾಯಿಗೆ ಮಾತ್ರ ಏನೂ ಬೇಡ, ನೀವು ಟೈಮ್ ನೋಡಿ" ಎಂದರೆ ಅವರಿಗೂ ಒಂದು ಕೆಲಸ ಸಿಕ್ಕಂತಾಯಿತು. ನೀರು ಕುಡಿಸುವುದನ್ನು ಮಾತ್ರ ಕಟ್ಟುನಿಟ್ಟಾಗಿ ತಡೆಯಿರಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಹೋಗುತ್ತದೆ.

ಐದು ನಿಮಿಷ ದಾಟಿದರೆ

ಐದು ನಿಮಿಷವಾದರೂ ನಿಲ್ಲದ ಫಿಟ್ಸ್, ಅಥವಾ ನಡುವೆ ಎಚ್ಚರವಾಗದೆ ಒಂದರ ಮೇಲೊಂದು ಬರುವ ಫಿಟ್ಸ್‌ಗೆ ಸ್ಟೇಟಸ್ ಎಪಿಲೆಪ್ಟಿಕಸ್ ಎನ್ನುತ್ತಾರೆ. ಮೊದಲು ಅರ್ಧ ತಾಸಿನ ಲೆಕ್ಕವಿತ್ತು. ಈಗ ಐದು ನಿಮಿಷಕ್ಕೇ ಚಿಕಿತ್ಸೆ ಶುರುವಾಗಬೇಕು, ಏಕೆಂದರೆ ಹೊತ್ತು ಹೋದಷ್ಟೂ ಬೆಂಜೋಡಯಾಜೆಪೈನ್ ಗುಂಪಿನ (ಲೊರಾಜೆಪಾಮ್, ಡಯಾಜೆಪಾಮ್, ಮಿಡಾಜೋಲಾಮ್) ಔಷಧಕ್ಕೆ ಮೆದುಳು ಬಗ್ಗುವುದಿಲ್ಲ. ಅರ್ಧ ತಾಸು ದಾಟಿದರೆ ಮೆದುಳಿಗೆ ಶಾಶ್ವತ ಹಾನಿಯ ಅಪಾಯ ಶುರು.

ಐವಿ ಇದ್ದರೆ ಲೊರಾಜೆಪಾಮ್, ಕೆ.ಜಿ.ಗೆ 0.1 ಮಿ.ಗ್ರಾಂ, ಒಂದು ಬಾರಿಗೆ ಹೆಚ್ಚೆಂದರೆ 4 ಮಿ.ಗ್ರಾಂ, ಅಷ್ಟೇ ಪ್ರಮಾಣದ ಸಲೈನ್ ಬೆರೆಸಿ ನಿಮಿಷಕ್ಕೆ 2 ಮಿ.ಗ್ರಾಂ ಮೀರದಂತೆ. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಇನ್ನೊಮ್ಮೆ. ಅದಿಲ್ಲದಿದ್ದರೆ ಡಯಾಜೆಪಾಮ್ ಐವಿ, ಕೆ.ಜಿ.ಗೆ 0.15ರಿಂದ 0.2 ಮಿ.ಗ್ರಾಂ, ಗರಿಷ್ಠ 10 ಮಿ.ಗ್ರಾಂ. ಡಯಾಜೆಪಾಮನ್ನು ಸಲೈನ್ ಬಾಟಲಿಗೆ ಹಾಕಬಾರದು. ಸ್ನಾಯುವಿಗೂ ಚುಚ್ಚಬಾರದು; ಅಲ್ಲಿಂದ ಅದು ನಿಧಾನವಾಗಿ, ಹೇಗೆಂದರೆ ಹಾಗೆ ರಕ್ತಕ್ಕೆ ಸೇರುತ್ತದೆ.

ಐವಿ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ. ಮಿಡಾಜೋಲಾಮ್ ತೊಡೆಯ ಸ್ನಾಯುವಿಗೆ: 40 ಕೆ.ಜಿ. ಮೀರಿದವರಿಗೆ 10 ಮಿ.ಗ್ರಾಂ, 13ರಿಂದ 40 ಕೆ.ಜಿ.ಯವರಿಗೆ 5 ಮಿ.ಗ್ರಾಂ. ಅಥವಾ ಮೂಗಿನ ಸ್ಪ್ರೇ, ಕೆ.ಜಿ.ಗೆ 0.2 ಮಿ.ಗ್ರಾಂ, ಗರಿಷ್ಠ 10. ಇಲ್ಲಿ ಲೆಕ್ಕ ತಪ್ಪುವುದು ಹೆಚ್ಚು. ಒಂದು ಒತ್ತಿಗೆ 0.5 ಮಿ.ಗ್ರಾಂ ಬರುವ ಬಾಟಲಿಯೂ ಇದೆ, 1.25 ಮಿ.ಗ್ರಾಂ ಬರುವುದೂ ಇದೆ. 20 ಕೆ.ಜಿ. ಮಗುವಿಗೆ 4 ಮಿ.ಗ್ರಾಂ ಬೇಕು, 0.5ರ ಬಾಟಲಿಯಾದರೆ ಎಂಟು ಒತ್ತು, ಒಂದೊಂದು ಹೊಳ್ಳೆಗೆ ನಾಲ್ಕು. ಎರಡು ಒತ್ತು ಹೊಡೆದು "ಕೊಟ್ಟೆವು, ನಿಲ್ಲಲಿಲ್ಲ" ಎಂದರೆ ಕೊಟ್ಟ ಹಾಗಾಗಲಿಲ್ಲ. ಹೊಸ ಬಾಟಲಿಯಾದರೆ ಮೊದಲು ಗಾಳಿಯಲ್ಲಿ ಒತ್ತಿ ಸಣ್ಣ ಮಂಜಿನಂತೆ ಬರುವುದನ್ನು ಖಚಿತ ಮಾಡಿಕೊಳ್ಳಿ. ಮೂಗಿನಲ್ಲಿ ಸಿಂಬಳ ತುಂಬಿದ್ದರೆ ಒರೆಸಿ.

ಉಸಿರಾಟ ಕುಗ್ಗೀತು ಎಂಬ ಹೆದರಿಕೆಯಿಂದ ಕಾಲು ಭಾಗ, ಅರ್ಧ ಭಾಗ ಕೊಡುವ ರೂಢಿ ಬಿಡಬೇಕು. ಚೂರುಚೂರಾಗಿ ಕೊಟ್ಟರೆ ಫಿಟ್ಸೂ ನಿಲ್ಲದು, ಒಟ್ಟು ಮೊತ್ತ ಏರಿ ಉಸಿರೂ ಕುಗ್ಗುತ್ತದೆ. ನಿಲ್ಲದ ಫಿಟ್ಸಿನಿಂದ ಉಸಿರಾಟಕ್ಕೆ ಆಗುವ ತೊಂದರೆ ಸರಿಯಾದ ಒಂದು ಡೋಸಿನಿಂದ ಆಗುವುದಕ್ಕಿಂತ ಹೆಚ್ಚು. ಆಂಬು ಬ್ಯಾಗ್ ಕೈಯಲ್ಲಿಟ್ಟುಕೊಂಡು ಪೂರ್ತಿ ಕೊಡಿ.

ಫಿಟ್ಸ್ ನಿಂತರೂ ನಿಲ್ಲದಿದ್ದರೂ ಎರಡನೇ ಔಷಧ ಬೇಕು, ಲೊರಾಜೆಪಾಮ್ ಅಥವಾ ಡಯಾಜೆಪಾಮ್ ಮಾಡುವುದು ಬೆಂಕಿ ಆರಿಸುವ ಕೆಲಸ ಮಾತ್ರ. ನಮ್ಮಲ್ಲಿ ಸುಲಭಕ್ಕೆ ಸಿಗುವುದು ಫೆನಿಟೋಯಿನ್: ಕೆ.ಜಿ.ಗೆ 20 ಮಿ.ಗ್ರಾಂ. 60 ಕೆ.ಜಿ. ವ್ಯಕ್ತಿಗೆ 1200 ಮಿ.ಗ್ರಾಂ, ಅಂದರೆ 100 ಮಿ.ಗ್ರಾಂನ ಹನ್ನೆರಡು ಆಂಪ್ಯೂಲ್. ಎರಡೋ ಮೂರೋ ಆಂಪ್ಯೂಲ್ ಹಾಕಿ ರೆಫರಲ್ ಚೀಟಿಯಲ್ಲಿ "ಲೋಡಿಂಗ್ ಡೋಸ್ ಕೊಡಲಾಗಿದೆ" ಎಂದು ಬರೆದರೆ ಮುಂದಿನ ಆಸ್ಪತ್ರೆಯವರು ದಾರಿ ತಪ್ಪುತ್ತಾರೆ; ಎಷ್ಟು ಮಿ.ಗ್ರಾಂ, ಎಷ್ಟು ಹೊತ್ತಿಗೆ ಎಂದೇ ಬರೆಯಿರಿ. ನಾರ್ಮಲ್ ಸಲೈನ್ 100 ಮಿ.ಲೀ.ನಲ್ಲಿ ಮಾತ್ರ ಬೆರೆಸಿ. ಡೆಕ್ಸ್ಟ್ರೋಸ್ ಅಥವಾ ಡೆಕ್ಸ್ಟ್ರೋಸ್ ಬೆರೆತ ಸಲೈನ್ ಆದ ಡಿಎನ್ಎಸ್‌ಗೆ ಹಾಕಿದರೆ ಹರಳುಗಟ್ಟುತ್ತದೆ, ಮೋಡದಂತೆ ಬೆಳ್ಳಗಾದ ದ್ರಾವಣವನ್ನು ಎಸೆಯಬೇಕು. ಅದೇ ಲೈನಿನಲ್ಲಿ ಮೊದಲು ಡೆಕ್ಸ್ಟ್ರೋಸ್ ಹೋಗಿದ್ದರೆ ಸಲೈನ್‌ನಿಂದ ತೊಳೆದು ಆಮೇಲೆ ಹಚ್ಚಿ.

ವೇಗ ನಿಮಿಷಕ್ಕೆ 50 ಮಿ.ಗ್ರಾಂ ಮೀರಬಾರದು, ಆ ಹನ್ನೆರಡು ಆಂಪ್ಯೂಲಿಗೆ ಅರ್ಧ ತಾಸು ಹಿಡಿಯಿರಿ. ವಯಸ್ಸಾದವರು, ಹೃದಯದ ತೊಂದರೆ ಇರುವವರಿಗೆ ಅದರ ಅರ್ಧ ವೇಗ. ಇಸಿಜಿ ಮಾನಿಟರ್ ಹಚ್ಚಿ, ಐದೈದು ನಿಮಿಷಕ್ಕೆ ಬಿಪಿ ನೋಡಿ. ಬಿಪಿ ಕುಸಿದರೆ, ನಾಡಿ ನಿಧಾನವಾದರೆ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ಫೆನಿಟೋಯಿನ್ ತೀರಾ ಕ್ಷಾರೀಯ. ನಾಳದಿಂದ ಹೊರಗೆ ಸೋರಿದರೆ ಕೈ ಊದಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕೆಲವೊಮ್ಮೆ ಚರ್ಮವೇ ಕೊಳೆಯುತ್ತದೆ. ಅದಕ್ಕೇ ದೊಡ್ಡ ನಾಳದ ಮಾತು ಹೇಳಿದ್ದು.

ಲೆವೆಟಿರಾಸೆಟಾಮ್ ಇದ್ದರೆ ಕೆಲಸ ಹಗುರ. ಕೆ.ಜಿ.ಗೆ 60 ಮಿ.ಗ್ರಾಂ, ಗರಿಷ್ಠ 4500, ಹತ್ತು ಹದಿನೈದು ನಿಮಿಷದಲ್ಲಿ ಕೊಡಬಹುದು, ಬಿಪಿಯ ಗಾಬರಿ ಅಷ್ಟಿಲ್ಲ. ವ್ಯಾಲ್ಪ್ರೋಯೇಟ್ ಕೆ.ಜಿ.ಗೆ 40 ಮಿ.ಗ್ರಾಂ, ಗರಿಷ್ಠ 3000. ಲಿವರ್ ತೊಂದರೆ ಇರುವವರಿಗೂ ಗರ್ಭಿಣಿಯರಿಗೂ ಬೇಡ. ಇಷ್ಟಾದರೂ ನಿಲ್ಲದಿದ್ದರೆ ವೆಂಟಿಲೇಟರ್ ಇರುವ ಐಸಿಯುವೇ ಗತಿ, ಎರಡನೇ ಔಷಧ ಹಚ್ಚುವಾಗಲೇ 108ಕ್ಕೆ ಫೋನ್ ಹೋಗಿರಬೇಕು.

ಗರ್ಭಿಣಿಗೆ ಫಿಟ್ಸ್ ಬಂದರೆ

ಇಪ್ಪತ್ತು ವಾರ ದಾಟಿದ ಗರ್ಭಿಣಿ ಅಥವಾ ಹೊಸ ಬಾಣಂತಿಗೆ ಫಿಟ್ಸ್ ಬಂದರೆ, ಬೇರೆ ಎಂದು ಸಾಬೀತಾಗುವವರೆಗೆ ಅದು ಎಕ್ಲಾಂಪ್ಸಿಯಾ, ಅಂದರೆ ಬಸುರಿನ ಬಿಪಿಯಿಂದ ಬರುವ ಫಿಟ್ಸ್. ಇಲ್ಲಿ ಮೊದಲ ಔಷಧ ಮ್ಯಾಗ್ನೀಸಿಯಂ ಸಲ್ಫೇಟ್. 50%ರ 2 ಮಿ.ಲೀ. ಆಂಪ್ಯೂಲ್‌ನಲ್ಲಿ 1 ಗ್ರಾಂ ಇರುತ್ತದೆ. ನಾಲ್ಕು ಆಂಪ್ಯೂಲ್, ಅಂದರೆ 8 ಮಿ.ಲೀ.ಗೆ 12 ಮಿ.ಲೀ. ಡಿಸ್ಟಿಲ್ಡ್ ವಾಟರ್ ಸೇರಿಸಿದರೆ 20%ರ 20 ಮಿ.ಲೀ.; ಅದನ್ನು ಐದು ನಿಮಿಷಕ್ಕಿಂತ ಬೇಗ ಹೋಗದಂತೆ ಐವಿ. ಜೊತೆಗೆ ಎರಡೂ ಪೃಷ್ಠಕ್ಕೆ ಐದೈದು ಗ್ರಾಂ ಆಳವಾಗಿ ಸ್ನಾಯುವಿಗೆ. ಪ್ರಾಥಮಿಕ ಕೇಂದ್ರದಲ್ಲಿ ಐವಿ ಅನುಕೂಲವಿಲ್ಲದಿದ್ದರೆ ಸ್ನಾಯುವಿನ ಹತ್ತು ಗ್ರಾಂ ಕೊಟ್ಟೇ ಕಳಿಸಬೇಕು, ಹಾಗೇ ಕಳಿಸಬಾರದು.

ನಾಲ್ಕು ತಾಸಿಗೊಮ್ಮೆ ಐದು ಗ್ರಾಂ, ಪೃಷ್ಠ ಬದಲಿಸುತ್ತ. ಪ್ರತಿ ಡೋಸಿಗೆ ಮೊದಲು ಮೊಣಕಾಲ ಜರ್ಕ್ ಇದೆಯೇ, ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆಯಿಲ್ಲವೇ, ಹಿಂದಿನ ನಾಲ್ಕು ತಾಸಿನಲ್ಲಿ ಮೂತ್ರ 100 ಮಿ.ಲೀ. ಆದರೂ ಬಂದಿದೆಯೇ ನೋಡಿ. ಒಂದು ತಪ್ಪಿದರೂ ಡೋಸ್ ತಡೆಹಿಡಿಯಿರಿ. ಉಸಿರು ನಿಧಾನವಾದರೆ ಕ್ಯಾಲ್ಸಿಯಂ ಗ್ಲುಕೋನೇಟ್ 10%ರ 10 ಮಿ.ಲೀ. ನಿಧಾನವಾಗಿ ಐವಿ. ಆ ಆಂಪ್ಯೂಲ್ ಮ್ಯಾಗ್ನೀಸಿಯಂ ಜೊತೆಗೇ ಟ್ರೇಯಲ್ಲಿರಲಿ.

ಕಂಡದ್ದನ್ನು ಬರೆಯುವುದು

ಕೇಸ್ ಶೀಟಿನಲ್ಲಿ "ಫಿಟ್ಸ್ ಬಂತು, ಇಂಜೆಕ್ಷನ್ ಕೊಡಲಾಯಿತು" ಎಂದಿದ್ದರೆ ಓದಿದವರಿಗೆ ಏನೂ ತಿಳಿಯದು. ಡಾಕ್ಟರು ಬರುವಷ್ಟರಲ್ಲಿ ಫಿಟ್ಸ್ ಮುಗಿದಿರುತ್ತದೆ, ಕಣ್ಣಾರೆ ಕಂಡವರು ನೀವೊಬ್ಬರೇ. ಬರೆಯಬೇಕಾದದ್ದು: ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಅಂತ್ಯ. ಮೊದಲು ಎಳೆದದ್ದು ಯಾವ ಕೈ, ಬಾಯಿಯ ಯಾವ ಬದಿ. ತಲೆ, ಕಣ್ಣು ಯಾವ ಕಡೆ ತಿರುಗಿತ್ತು. ಕಣ್ಣು ತೆರೆದಿತ್ತೋ ಮುಚ್ಚಿತ್ತೋ. ಮೂತ್ರ ಹೋಯಿತೇ, ನಾಲಿಗೆಯ ಯಾವ ಅಂಚು ಕಚ್ಚಿದೆ. ಮುಗಿದ ಮೇಲೆ ಒಂದು ಕೈ ಎತ್ತಲು ಆಗುತ್ತಿರಲಿಲ್ಲವೇ. ಫಿಟ್ಸ್ ಶುರುವಾದ ಬದಿಯ ಕೈಕಾಲು ಕೆಲವು ತಾಸು ಸೋತಿರುವುದುಂಟು, ಪಾರ್ಶ್ವವಾಯು ಎಂದು ತಪ್ಪು ತಿಳಿಯುವುದೂ ಉಂಟು.

ಮನೆಯವರು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ನೋಡಿದವರನ್ನು ಕೇಳುವಾಗ ಉತ್ತರ ನೀವೇ ಕೊಡಬೇಡಿ. "ಎರಡೂ ಕೈ ನಡುಗಿತಾ?" ಎಂದರೆ ಗಾಬರಿಯಲ್ಲಿದ್ದವರು ಹೂಂ ಎನ್ನುತ್ತಾರೆ. "ಅಕ್ಕಾ, ಮೊದ್ಲು ಎಂತ ಕಾಣ್ತು ನಿಮ್ಗೆ?" ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ.

ಕಣ್ಣು ಬಿಗಿಯಾಗಿ ಮುಚ್ಚಿ, ಏರುತ್ತ ಇಳಿಯುತ್ತ ಬಹಳ ಹೊತ್ತು ಹೊಯ್ದಾಡುವ ಫಿಟ್ಸ್ ಮಾನಸಿಕ ಒತ್ತಡದ್ದಾಗಿರಬಹುದು. ಆ ತೀರ್ಮಾನ ಡಾಕ್ಟರರದು. ರೋಗಿಯ ಕಿವಿಗೆ ಬೀಳುವಂತೆ "ನಾಟಕ" ಎನ್ನುವುದು ಶುಶ್ರೂಷೆಯಲ್ಲ. ಅವರು ಬೇಕೆಂದು ಮಾಡುತ್ತಿರುವುದೂ ಅಲ್ಲ.

ಎಚ್ಚರವಾಗುವವರೆಗೆ

ಮೊದಲ ತಾಸು ಹದಿನೈದು ನಿಮಿಷಕ್ಕೊಮ್ಮೆ ಜಿಸಿಎಸ್ (ಎಚ್ಚರದ ಮಟ್ಟದ ಅಂಕ), ಕಣ್ಣುಪಾಪೆ, ಉಸಿರು, ಬಿಪಿ, ಆಮ್ಲಜನಕ. ಮಗ್ಗುಲಲ್ಲೇ ಮಲಗಿರಲಿ. ಗೊಂದಲದಲ್ಲಿ ಎದ್ದು ಓಡಲು ನೋಡುವವರನ್ನು ಕಟ್ಟಿಹಾಕಿದರೆ ಇನ್ನೂ ಕೆರಳುತ್ತಾರೆ. ಹೆಸರು ಹಿಡಿದು ಕರೆದು ಮೆಲ್ಲಗೆ ಮಾತಾಡಿಸಿ. ಕೊಂಕಣಿ, ಉರ್ದು ಮನೆಮಾತಿನವರಾದರೆ ಮನೆಯವರಲ್ಲೊಬ್ಬರು ಪಕ್ಕದಲ್ಲಿರಲಿ. ಅರ್ಧ ತಾಸು ಕಳೆದರೂ ಎಚ್ಚರ ಸುಧಾರಿಸದಿದ್ದರೆ, ಮೈ ನಡುಗದಿದ್ದರೂ ಮೆದುಳಿನೊಳಗೆ ಫಿಟ್ಸ್ ನಡೆದಿರಬಹುದು. ರೆಪ್ಪೆ ಮಿಡಿತ, ತುಟಿಯ ಸಣ್ಣ ಸೆಳೆತ, ಕಣ್ಣು ಒಂದೇ ಕಡೆ ನೆಟ್ಟಿರುವುದನ್ನು ಹುಡುಕಿ. ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಇಲ್ಲದೆ ಖಚಿತವಾಗದು, ರೆಫರ್ ಮಾಡಲು ಇದು ಸಾಕಷ್ಟು ಕಾರಣ.

ಯಾಕೆ ಬಂತು ಎಂದು ಕೇಳುವಾಗ

ಮಾತ್ರೆ ಬಿಟ್ಟದ್ದೇ ದೊಡ್ಡ ಕಾರಣ, ಅದನ್ನು ಮೊದಲು ಕೇಳಿ. ಕುಡಿತ ಬಿಟ್ಟು ಆರರಿಂದ ನಲವತ್ತೆಂಟು ತಾಸಿನೊಳಗೆ ಬಂತೇ? ಬಿಪಿಗೆ ನೀರಿಳಿಸುವ ಮಾತ್ರೆ ನುಂಗುವ ವಯಸ್ಸಾದವರಾದರೆ ಸೋಡಿಯಂ ನೋಡಬೇಕು. ನೋವಿಗೆಂದು ಟ್ರಮಡಾಲ್ ಕೊಟ್ಟಿದ್ದರೇ? ಪುಟ್ಟ ಮಕ್ಕಳಾದರೆ ದೇವರ ಮುಂದಿನ ಕರ್ಪೂರ ಬಾಯಿಗೆ ಹಾಕಿಕೊಂಡದ್ದೂ ಇರಬಹುದು, ಅದು ನಿಮಿಷಗಳಲ್ಲಿ ಫಿಟ್ಸ್ ತರುತ್ತದೆ.

ಜ್ವರವಿದ್ದರೆ ನಮ್ಮ ಜಿಲ್ಲೆಯಲ್ಲಿ ಒಂದು ಪ್ರಶ್ನೆ ಹೆಚ್ಚು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲೂ ಇದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಜ್ವರ ತಿರುಗಿ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಅಸಂಬದ್ಧ ಮಾತು ಶುರುವಾದರೆ ಎರಡನೇ ಹಂತದ ಸಂಶಯ ಬರಬೇಕು. "ದರಕು (ಒಣ ಎಲೆ) ಗುಡಿಸೋಕೆ, ಸೊಪ್ಪಿಗೆ ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ? ಆಚೀಚೆ ಮಂಗ ಸತ್ತಿತ್ತಾ?" ಎಂದು ಕೇಳಿ ಬರೆಯಿರಿ. ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್, ಡೈಕ್ಲೋಫೆನಾಕ್ ಬೇಡ, ಸ್ನಾಯುವಿಗೆ ಇಂಜೆಕ್ಷನ್ ಆದಷ್ಟು ಬೇಡ, ಜ್ವರಕ್ಕೆ ಪ್ಯಾರಾಸಿಟಮಾಲ್.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಜ್ವರದ ಜೊತೆ ಒಮ್ಮೆ ಬಂದು, ಹದಿನೈದು ನಿಮಿಷದೊಳಗೆ ನಿಂತ ಮೈಪೂರ್ತಿ ಫಿಟ್ಸ್ ಹೆಚ್ಚಾಗಿ ನಿರಪಾಯ. ಆದರೂ ಕುತ್ತಿಗೆ ಬಿಗಿತ, ಮಂಕು, ನೆತ್ತಿ ಉಬ್ಬುವಿಕೆ ಇಲ್ಲವೆಂದು ಡಾಕ್ಟರು ನೋಡಿ ಹೇಳಬೇಕು.

ಪಾರ್ಶ್ವವಾಯು ಮತ್ತು ಉಳಿದ ನರರೋಗಗಳು

ಪಾರ್ಶ್ವವಾಯುವಿನಲ್ಲಿ ಕೇಳಬೇಕಾದದ್ದು "ಯಾವಾಗ ಕಂಡಿರಿ" ಎಂದಲ್ಲ, "ಕೊನೇ ಸಲ ಸರಿಯಾಗಿ ಇದ್ದದ್ದು ಎಷ್ಟು ಹೊತ್ತಿಗೆ" ಎಂದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ಆ ಹೊತ್ತಿನಿಂದ ನಾಲ್ಕೂವರೆ ತಾಸು, ಅದಕ್ಕೂ ಮುನ್ನ ಸಿ.ಟಿ. ಆಗಬೇಕು. ಅಂದರೆ ಸಿ.ಟಿ. ಇಲ್ಲದ ಕಡೆ ಒಂದು ತಾಸು ಡ್ರಿಪ್ ಹಚ್ಚಿ ಕಾಯುವುದು ಲಾಭವಿಲ್ಲದ ಕೆಲಸ. ಬಿಪಿ 180 ಕಂಡ ಕೂಡಲೇ ನಾಲಿಗೆಯಡಿ ಮಾತ್ರೆ ಇಟ್ಟು ಇಳಿಸಬೇಡಿ. ರಕ್ತ ಹೆಪ್ಪುಗಟ್ಟಿದ ಪಾರ್ಶ್ವವಾಯುವಿನಲ್ಲಿ ಮೆದುಳು ಆ ಒತ್ತಡದ ಮೇಲೇ ಬದುಕಿರುತ್ತದೆ. ಹೆಪ್ಪು ಕರಗಿಸುವ ಔಷಧ ಕೊಡದಿದ್ದರೆ 220/120 ದಾಟುವವರೆಗೆ ಸಾಮಾನ್ಯವಾಗಿ ಮುಟ್ಟುವುದಿಲ್ಲ.

ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಂದ ಏನೂ ಬೇಡ, ಮಾತ್ರೆಯೂ ಬೇಡ. ನೆಟ್ಟಗೆ ಕೂರಿಸಿ ಒಂದೊಂದೇ ಚಮಚದಂತೆ ಮೂರು ಚಮಚ ನೀರು ಕೊಡಿ; ಕೆಮ್ಮು, ಗೊರಗೊರ ದನಿ, ಬಾಯಂಚಿನಿಂದ ಸೋರುವುದು ಇಲ್ಲದಿದ್ದರೆ 50 ಮಿ.ಲೀ. ಲೋಟದಿಂದ. ತಪ್ಪಿದರೆ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್. ಗಂಜಿ ತೆಳುವಾಗಿದ್ದಷ್ಟೂ ಒಳ್ಳೆಯದು ಎಂಬುದು ಮನೆಯವರ ನಂಬಿಕೆ, ನುಂಗಲು ಕಷ್ಟವಿರುವವರಿಗೆ ತೆಳು ನೀರೇ ಅಪಾಯ. ರಾಗಿ ಅಂಬಲಿಯ ಹದಕ್ಕೆ ದಪ್ಪಗಿರಲಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಸೋತ ಕೈ ಹಿಡಿದು ಎಳೆದು ಎಬ್ಬಿಸಿದರೆ ಭುಜದ ಕೀಲು ಸಡಿಲಾಗುತ್ತದೆ; ಬೆನ್ನಿನ ಹಿಂದೆ ಕೈಹಾಕಿ ಎತ್ತಲು ಮನೆಯವರಿಗೆ ತೋರಿಸಿಕೊಡಿ.

ಪಾರ್ಕಿನ್ಸನ್ಸ್ ರೋಗಿ ಬೇರೆ ಕಾರಣಕ್ಕೆ ದಾಖಲಾದರೂ ಅವರ ಮುಖ್ಯ ಔಷಧವಾದ ಲೆವೊಡೋಪಾ ಮನೆಯ ವೇಳೆಗೇ ಹೋಗಬೇಕು, ವಾರ್ಡಿನ ಎಂಟು–ಎರಡು–ಎಂಟರ ವೇಳೆಗಲ್ಲ. ವಾಂತಿಗೆ ಮೆಟೊಕ್ಲೋಪ್ರಮೈಡ್, ಗೊಂದಲಕ್ಕೆ ಹ್ಯಾಲೋಪೆರಿಡಾಲ್ ಅವರಿಗೆ ನಿಷಿದ್ಧ. ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಇದ್ದವರಿಗೆ ಪಿರಿಡೋಸ್ಟಿಗ್ಮಿನ್ ಊಟಕ್ಕೆ ಅರ್ಧ ಮುಕ್ಕಾಲು ತಾಸು ಮೊದಲು. ಜೆಂಟಾಮೈಸಿನ್, ಮ್ಯಾಗ್ನೀಸಿಯಂ ಕೊಡುವ ಮುನ್ನ ಮಯಸ್ತೇನಿಯಾ ಇದೆಯೆಂದು ಡಾಕ್ಟರಿಗೆ ನೆನಪಿಸಿ, ಇವು ಸೋಲನ್ನು ಹೆಚ್ಚಿಸುತ್ತವೆ.

ಕಾಲಿನಿಂದ ಮೇಲಕ್ಕೆ ಸೋಲುತ್ತ ಬರುವ ಗುಲ್ಲಿಯಾನ್ ಬಾರೆಯಲ್ಲಿ ಆಕ್ಸಿಮೀಟರ್ ನಂಬಿ ಕೂರಬಾರದು, ಅದು ಇಳಿಯುವ ಹೊತ್ತಿಗೆ ತಡವಾಗಿರುತ್ತದೆ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಎಂದು ತಾಸುತಾಸಿಗೆ ಬರೆಯಿರಿ. ಸಂಖ್ಯೆ ಇಳಿಯುತ್ತ ಹದಿನೈದರ ಕೆಳಗೆ ಬಂದರೆ, ದಿಂಬಿನಿಂದ ತಲೆ ಎತ್ತಲಾಗದಿದ್ದರೆ ಐಸಿಯುಗೆ ಹೊರಡಿಸಿ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತು, ಮಾತು ತೊದಲಿದರೆ ಕಡಂಬಳ ಹಾವಿನ ಕಡಿತವನ್ನು ಮರೆಯಬೇಡಿ. ಗಾಯ ಕಾಣದೆಯೂ ಇರಬಹುದು. ಅಲುಗಾಡದೆ ಬಿದ್ದಿರುವ ಆ ರೋಗಿಗೆ ನಿಮ್ಮ ಮಾತೆಲ್ಲ ಕೇಳಿಸುತ್ತಿರುತ್ತದೆ.

ದಾರಿಗೆ ಹಾಕುವಾಗ

ಆಂಬುಲೆನ್ಸ್‌ನಲ್ಲಿ ಮಗ್ಗುಲಾಗಿ ಮಲಗಿಸಿ ಪಟ್ಟಿ ಕಟ್ಟಿ. ಆಮ್ಲಜನಕದ ಸಿಲಿಂಡರ್ ದಾರಿಯುದ್ದಕ್ಕೂ ಸಾಕಾಗುತ್ತದೆಯೇ ಮೀಟರ್ ನೋಡಿ. ಘಟ್ಟದ ತಿರುವಿನಲ್ಲಿ ಕ್ಯಾನುಲಾ ಕಳಚುವುದು ಸಾಮಾನ್ಯ, ಎರಡನೆಯದೊಂದು ಇರಲಿ. ಮಿಡಾಜೋಲಾಮ್ ಜೊತೆಗೆ ಹೋಗಲಿ. ಚೀಟಿಯಲ್ಲಿ ಫಿಟ್ಸ್ ಶುರುವಾದ ಹೊತ್ತು, ಪ್ರತಿ ಔಷಧದ ಮಿ.ಗ್ರಾಂ ಮತ್ತು ಹೊತ್ತು, ಸಕ್ಕರೆಯ ಅಂಕಿ, ತೂಕ ಇರಬೇಕು. ಮನೆಯ ಮಾತ್ರೆಗಳ ಖಾಲಿ ಸ್ಟ್ರಿಪ್ ಆದರೂ ಜೊತೆಗೆ ಹೋಗಲಿ.

ಮನೆಗೆ ಕಳಿಸುವಾಗ

ಮಾತ್ರೆಯ ಮಾತಿಗೆ ಕಾಲು ತಾಸಾದರೂ ಕೊಡಿ. ಕನಿಷ್ಠ ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದ ಮೇಲೆ, ಡಾಕ್ಟರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸುವುದು ಬಿಟ್ಟರೆ ನಿಲ್ಲಿಸುವ ಬೇರೆ ದಾರಿಯಿಲ್ಲ. ಸೋಡಿಯಂ ವ್ಯಾಲ್ಪ್ರೋಯೇಟ್ ಮಾತ್ರೆ ಗಾಳಿಯ ತೇವ ಹೀರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒಂದು ವಾರದ್ದನ್ನು ಬಿಡಿಸಿ ಡಬ್ಬಿಗೆ ಹಾಕಿಟ್ಟರೆ ಅಂಟುಅಂಟಾಗುತ್ತದೆ. ಫಾಯಿಲ್‌ನಿಂದ ತೆಗೆದ ಕೂಡಲೇ ನುಂಗಲಿ. ಫೆನಿಟೋಯಿನ್ ಸಿರಪ್ ಚೆನ್ನಾಗಿ ಕುಲುಕದಿದ್ದರೆ ಮೇಲಿನದು ನೀರು, ತಳದ್ದು ವಿಷ. ಸಿರಪ್ಪನ್ನು ಅಡುಗೆಮನೆಯ ಚಮಚದಿಂದ ಅಳೆಯದೆ ಮಿ.ಲೀ. ಸಿರಿಂಜಿನಿಂದ ಅಳೆಯುವುದನ್ನು ಎದುರಿಗೇ ಮಾಡಿಸಿ ನೋಡಿ. ಎಂಡೋಸಲ್ಫಾನ್ ಪೀಡಿತರೆಂದು ಗುರುತಿಸಲಾದ, ಹಾಸಿಗೆ ಹಿಡಿದ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವ ತಾಯಂದಿರಿಗೆ ಇದು ಮುಖ್ಯ. "ಸಿಆರ್" (ಔಷಧವನ್ನು ನಿಧಾನವಾಗಿ ಬಿಡುವಂಥದು) ಎಂದಿರುವ ಮಾತ್ರೆಯನ್ನು ಪುಡಿ ಮಾಡಬಾರದೆಂದೂ ಹೇಳಿ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಮೇ ಮುಗಿಯುವುದರೊಳಗೆ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ಮನೆಯಲ್ಲಿರಬೇಕು.

ನಿದ್ದೆಗೆಡುವುದು ಫಿಟ್ಸ್‌ಗೆ ಆಹ್ವಾನ. ಬೆಳಗಿನವರೆಗೆ ಯಕ್ಷಗಾನದ ಆಟ ನೋಡುವ ಚಟವಿದ್ದವರಿಗೆ ನಡುರಾತ್ರಿಗೇ ಏಳಿ ಎನ್ನುವುದು ಕಷ್ಟದ ಮಾತೇ, ಆದರೂ ಹೇಳಬೇಕು. ಮಾರಿಜಾತ್ರೆಯ ರಾತ್ರಿಗಳಿಗೂ ಅದೇ. ರಮಜಾನ್ ಉಪವಾಸ ಹಿಡಿಯುವವರು ತಿಂಗಳ ಮೊದಲೇ ಬಂದರೆ ಸಹರಿ ಮತ್ತು ಇಫ್ತಾರ್‌ಗೆ ಹೊಂದುವಂತೆ ಡಾಕ್ಟರು ಮಾತ್ರೆ ಬದಲಿಸಬಹುದು. ಏಕಾದಶಿಯ ಉಪವಾಸಕ್ಕೆ ನೀರು–ಮಾತ್ರೆಯಿಂದ ಭಂಗವಿಲ್ಲ ಎಂದು ಹೇಳಿಬಿಡಿ.

ಹೆಣ್ಣುಮಕ್ಕಳೊಡನೆ ಬೇರೆಯಾಗಿ ಮಾತಾಡಿ. ಮದುವೆಯಾದ ಮೇಲೆ ಅತ್ತೆಮನೆಯಲ್ಲಿ ಮುಚ್ಚಿಡಲು ಹೋಗಿ ಮಾತ್ರೆ ತಪ್ಪುತ್ತದೆ. 1999ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ ಮದುವೆಗೆ ಅಡ್ಡಿಯಲ್ಲ, ಇದನ್ನು ತಿಳಿಸಿ. ಫೆನಿಟೋಯಿನ್, ಕಾರ್ಬಮಜೆಪೈನ್, ಫಿನೋಬಾರ್ಬಿಟೋನ್ ನುಂಗುವವರಲ್ಲಿ ಮಾಲಾ–ಎನ್‌ನಂಥ ಗರ್ಭನಿರೋಧಕ ಗುಳಿಗೆ ಸೋಲಬಹುದು. ವ್ಯಾಲ್ಪ್ರೋಯೇಟ್‌ನಿಂದ ಭ್ರೂಣಕ್ಕೆ ಹಾನಿ. ಮಗು ಬೇಕೆನ್ನುವ ಮೊದಲೇ ಬದಲಿಸಬೇಕು, ಫೋಲಿಕ್ ಆಸಿಡ್ ಶುರುವಾಗಬೇಕು. ಬಸುರಾದದ್ದು ತಿಳಿದು ಹೆದರಿ ತಾವೇ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ.

ಕೆಲಸದ ಮಾತು ಆಯಾ ಮನೆಗೆ ತಕ್ಕಂತೆ. ಅಡಿಕೆ ಮರ ಹತ್ತುವ ಕೊನೆಗೌಡರಿಗೆ ಮರ ಹತ್ತುವುದು ಬಿಟ್ಟು ಕೆಳಗಿನ ಕೆಲಸ ನೋಡಿಕೊಳ್ಳಲು ಮನವೊಲಿಸಬೇಕು, ಕೂಲಿ ಕಡಿಮೆಯಾಗುತ್ತದೆ ನಿಜ. ಪಾತಿ ದೋಣಿಯಲ್ಲಿ ಒಬ್ಬರೇ ಹೋಗುವಂತಿಲ್ಲ. ಜೊತೆಯಲ್ಲಿ ಹೋದರೂ ಲೈಫ್ ಜಾಕೆಟ್ ಬೇಕು. ಹಳ್ಳದ ಮೇಲಿನ ಕಾಲುಸಂಕ, ಕಟ್ಟೆಯಿಲ್ಲದ ಬಾವಿ, ಬಚ್ಚಲ ಹಂಡೆಯ ಒಲೆ ಇವನ್ನು ಒಂದೊಂದಾಗಿ ಕೇಳಿ. ಹಂಡೆಯ ಬಿಸಿನೀರನ್ನು ಬೇರೆಯವರು ಬಕೆಟ್ಟಿಗೆ ತೋಡಿ ಹದ ಮಾಡಿಡಲಿ, ಸ್ನಾನ ಕುಳಿತು ಮಾಡಲಿ, ಬಚ್ಚಲ ಬಾಗಿಲಿಗೆ ಚಿಲಕ ಬೇಡ.

ಕೊನೆಯದಾಗಿ ಒಂದು ಕಾಗದ ಕೊಡಿ, ಮನೆಯ ಗೋಡೆಗೆ ಅಂಟಿಸಲು. ಐದು ನಿಮಿಷ ಮೀರಿದರೆ, ಎಚ್ಚರವಾಗದೆ ಇನ್ನೊಂದು ಬಂದರೆ, ನೀರಿನಲ್ಲಿ ಬಂದರೆ, ತಲೆಗೆ ಪೆಟ್ಟಾದರೆ, ಬಸುರಿಯಾಗಿದ್ದರೆ 108. ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಆ ವ್ಯಕ್ತಿಯ ತೂಕಕ್ಕೆ ಎಷ್ಟು ಒತ್ತು ಎಂಬುದನ್ನು ಅದೇ ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಮಗುವಿನ ತೂಕ ಏರಿದ ಹಾಗೆ ಅದನ್ನು ತಿದ್ದಲು ಆಶಾ ಕಾರ್ಯಕರ್ತೆಗೂ ಹೇಳಿಡಿ.